ಮೋಟಾರ್ ಸೈಕಲ್ಲಿನ ಹೇರು

ಬನಶಂಕರಿ ಮೂರನೆಯ ಹಂತದ ಅಂಚಿನಲ್ಲಿ, ಹೊರವರ್ತುಲ ರಸ್ತೆಯ ಮಗ್ಗುಲಿಗೆ, ಏರಿಳಿತದ ಬೀದಿಗಳಲ್ಲಿ ಹಬ್ಬಿಕೊಂಡಿರುವ ಇಟ್ಟಮಡು, ದಕ್ಷಿಣ ಬೆಂಗಳೂರಿನ ಅನೇಕ ಬಡಾವಣೆಗಳಂತೆಯೇ, ಒಂದು ಕಾಲದ ಹಳ್ಳಿ. ಆದರೆ ಮೋಟಾರ್ ಸೈಕಲ್ಲಿನಲ್ಲಿ ದೂರಪ್ರಯಾಣ ಹೊರಡತಕ್ಕವರ ದೃಷ್ಟಿಯಿಂದ ಈ ಸ್ಥಳಕ್ಕೆ ಒಂದು ವಿಶೇಷ ಅನುಕೂಲ ಉಂಟು. ಇಲ್ಲಿಂದ ನಾಯಂಡಹಳ್ಳಿಯ ಕಡೆಗೆ ತಿರುಗಿದರೆ ಮೈಸೂರು ರಸ್ತೆ. ಕದಿರೇನಹಳ್ಳಿಯನ್ನು ದಾಟಿ ಮುಂದುವರಿದರೆ ಕನಕಪುರ ರಸ್ತೆ. ಹೊಸಕೆರೆಹಳ್ಳಿಯ ಬಳಿ ನೈಸ್ ರಸ್ತೆಯನ್ನು ಹಿಡಿದರೆ ಊರೊಳಗಿನ ಸಿಗ್ನಲ್ಲುಗಳ ಕಾಟವಿಲ್ಲದೆ ತುಮಕೂರು ರಸ್ತೆ, ಅಲ್ಲಿಂದ ನೆಲಮಂಗಲ, ಕುಣಿಗಲ್, ಹಾಸನ. ಆದುದರಿಂದ ಮೂರು ದಿನಗಳ ರಜೆ ಒಟ್ಟಿಗೆ ಒದಗಿದಾಗಲೆಲ್ಲ ಇಲ್ಲಿನ ಗ್ಯಾರೇಜುಗಳ ಮುಂದೆ ಹಿಂದಿನ ಸಂಜೆಯೇ ಗಾಡಿಗಳು ಸಾಲುಗಟ್ಟುತ್ತವೆ. ಆಯಿಲ್ ಬದಲಾಯಿಸುವುದೇನು, ಚೈನು ಬಿಗಿ ಮಾಡುವುದೇನು, ಬ್ರೇಕ್ ಪ್ಯಾಡು ಸವೆದಿದೆಯೇ ಎಂದು ಬಗ್ಗಿ ನೋಡುವುದೇನು, ಯಂತ್ರಕ್ಕೆ ಸಲ್ಲಬೇಕಾದ ಸೇವೆಯೆಲ್ಲವೂ ಯಥಾವಿಧಿಯಾಗಿ ಸಲ್ಲುತ್ತದೆ. ಸಾಮಾನಿನ ವಿಚಾರ ಮಾತ್ರ ರಾತ್ರಿ ಊಟವಾದ ಮೇಲೆ, ಮಂಚದ ತುಂಬ ಬಟ್ಟೆಬರೆ ಸುರಿದುಕೊಂಡು, ಬೆಳಗಿನ ಜಾವ ನಾಲ್ಕಕ್ಕೆ ಏಳಬೇಕೆಂಬ ಆತಂಕದ ನಡುವೆ ತೀರ್ಮಾನವಾಗುತ್ತದೆ.

ಚೀಲವನ್ನು ಮೊದಲು ಕೊಂಡು, ಅದು ಹಿಡಿಯುವಷ್ಟನ್ನೂ ತುಂಬಿ, ಕಡೆಗೆ ಅದನ್ನು ಗಾಡಿಯ ಮೇಲೆ ಎಲ್ಲಾದರೂ ಒಂದು ಕಡೆ ಕಟ್ಟುವುದು ಲೋಕದ ರೂಢಿ. ಈ ಕ್ರಮವನ್ನು ತಲೆಕೆಳಗು ಮಾಡಬೇಕೆಂಬುದೇ ಈ ಲೇಖನದ ಮುಖ್ಯ ಪ್ರಮೇಯ: ಗಾಡಿ ಎಷ್ಟು ಭಾರವನ್ನು ಎಲ್ಲಿ ಹೊರಬಲ್ಲದು ಎಂಬುದನ್ನು ಮೊದಲು ತಿಳಿಯಬೇಕು, ಆ ಭಾರದಲ್ಲಿ ಏನೇನು ಬರಬೇಕೆಂಬುದನ್ನು ಆಮೇಲೆ ನಿಶ್ಚಯಿಸಬೇಕು, ಅದಕ್ಕೊಪ್ಪುವ ಚೀಲವನ್ನು ಎಲ್ಲಕ್ಕೂ ಕೊನೆಯಲ್ಲಿ ಹುಡುಕಬೇಕು. ರೈಲುಗಳೂ ಲಾರಿಗಳೂ ಇಲ್ಲದ ಕಾಲದಲ್ಲಿ ಉಪ್ಪನ್ನೂ ಧಾನ್ಯವನ್ನೂ ದಖ್ಖಣದ ಉದ್ದಗಲಕ್ಕೆ ಸಾಗಿಸುತ್ತಿದ್ದ ಲಂಬಾಣಿಗಳು ತಮ್ಮ ಹೇರೆತ್ತುಗಳ ಬೆನ್ನಿನ ಮೇಲೆ ಹಸುಬೆಯನ್ನು ಅಡ್ಡಲಾಗಿ ಹಾಕಿ, ಎರಡು ಪಕ್ಕಕ್ಕೂ ಸಮನಾಗಿ ತೂಗಿ ತುಂಬುತ್ತಿದ್ದರು. ಒಂದು ಪಕ್ಕ ಜೋತರೆ ಎತ್ತಿನ ಬೆನ್ನು ಹುಣ್ಣಾಗುವುದೆಂಬ ಅರಿವು ಅವರಿಗಿತ್ತು. ಮೋಟಾರ್ ಸೈಕಲ್ಲಿಗೆ ಹುಣ್ಣಾಗುವುದಿಲ್ಲ. ಅದರ ನೋವು ಸವಾರನ ತೋಳಿಗೂ ಘಾಟಿಯ ತಿರುವಿನಲ್ಲಿ ಅವನ ಎದೆಗೂ ತಿಳಿಯುತ್ತದೆ.

ಈ ಮಾತಿನ ಹಿಂದಿರುವ ಲೆಕ್ಕ ಸರಳವಾದುದು. ಮುಂದಿನ ಮತ್ತು ಹಿಂದಿನ ಚಕ್ರಗಳ ಅಚ್ಚುಗಳ ನಡುವಣ ದೂರ ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ 350 ಸಿಸಿ ಗಾಡಿಗಳಲ್ಲಿ ಸುಮಾರು 1400 ಮಿಲಿಮೀಟರ್. ಹತ್ತು ಕಿಲೋ ತೂಕದ ಗಂಟನ್ನು ಈ ಎರಡು ಅಚ್ಚುಗಳ ನಟ್ಟನಡುವೆ ಇಟ್ಟರೆ ಎರಡು ಚಕ್ರಗಳೂ ಐದೈದು ಕಿಲೋ ಹಂಚಿಕೊಳ್ಳುತ್ತವೆ. ಅದೇ ಗಂಟನ್ನು ಹಿಂದಿನ ಅಚ್ಚಿಗಿಂತಲೂ 300 ಮಿಲಿಮೀಟರ್ ಹಿಂದಕ್ಕೆ, ಕ್ಯಾರಿಯರಿನ ತುದಿಯಲ್ಲಿ ಕಟ್ಟಿದಿರಾದರೆ, ಹಿಂಚಕ್ರದ ಮೇಲೆ ಬೀಳುವ ಭಾರ ಹನ್ನೆರಡು ಕಿಲೋ ಮೀರುತ್ತದೆ. ಮುಂಚಕ್ರದ ಮೇಲಿದ್ದ ಭಾರದಲ್ಲಿ ಎರಡು ಕಿಲೋ ಕಳೆಯುತ್ತದೆ. ಎರಡು ಕಿಲೋ ಅತ್ಯಲ್ಪವೆಂದು ತೋರಬಹುದು. ಆದರೆ ಹಿಂದೆ ಒಬ್ಬರು ಕುಳಿತಿದ್ದಾರೆ, ಅವರ ಬೆನ್ನಿಗೆ ಆನಿಸಿದಂತೆ ಇಪ್ಪತ್ತು ಕಿಲೋ ಸಾಮಾನು ಎತ್ತರಕ್ಕೆ ಪೇರಿಸಿದೆ, ರಸ್ತೆ ಚಾರ್ಮಾಡಿಯ ಏರಿನಂತೆ ಮುಖವೆತ್ತಿ ನಿಂತಿದೆ ಎಂದು ಭಾವಿಸಿಕೊಂಡರೆ, ದಿಕ್ಕನ್ನು ನಿರ್ಣಯಿಸಬೇಕಾದ ಮುಂಚಕ್ರವೇ ನೆಲವನ್ನು ಹಗುರವಾಗಿ ಮುಟ್ಟುತ್ತಿರುವ ಆ ಸ್ಥಿತಿಯಲ್ಲಿ ಹ್ಯಾಂಡಲ್ ಏಕೆ ಸಡಿಲವಾದಂತೆ ಅನ್ನಿಸುವುದೆಂಬುದೂ, ವೇಗ ಹೆಚ್ಚಿದಂತೆ ಗಾಡಿಯ ತಲೆ ಏಕೆ ಅದುರುವುದೆಂಬುದೂ ಅರ್ಥವಾದೀತು. ಭಾರ ತಗ್ಗಿನಲ್ಲಿರಬೇಕು, ಮುಂದಕ್ಕಿರಬೇಕು, ಎರಡು ಪಕ್ಕಕ್ಕೂ ಸಮನಾಗಿರಬೇಕು ಎಂಬ ಮೂರು ನಿಯಮಗಳೂ ಇದರಿಂದಲೇ ಹುಟ್ಟಿದುವು.

ಎಷ್ಟು ಭಾರ ಎಂಬ ಪ್ರಶ್ನೆಗೆ ಉತ್ತರ ಗಾಡಿಯೊಂದಿಗೆ ಬಂದ ಕೈಪಿಡಿಯಲ್ಲಿರುತ್ತದೆ. ಬಹುಮಂದಿ ಅದನ್ನು ಇನ್ಷೂರೆನ್ಸ್ ಕಾಗದಗಳೊಡನೆ ಬೀರುವಿನಲ್ಲಿಟ್ಟು ಮತ್ತೆ ತೆಗೆದಿರುವುದಿಲ್ಲ. ಅದರಲ್ಲಿ ಹೇಳಿರುವ ಗರಿಷ್ಠ ಭಾರದೊಳಗೆ ಸವಾರನೂ ಸೇರಿದ್ದಾನೆ, ಹಿಂದೆ ಕುಳಿತವರೂ ಸೇರಿದ್ದಾರೆ, ಆಮೇಲೆ ಹಾಕಿಸಿದ ಕ್ಯಾರಿಯರು, ಕ್ರ್ಯಾಶ್ ಗಾರ್ಡು, ಪೆಟ್ಟಿಗೆ ಎಲ್ಲವೂ ಸೇರಿವೆ. ಆ ಸಂಖ್ಯೆ 180 ಕಿಲೋ ಎಂದಿಟ್ಟುಕೊಳ್ಳೋಣ. ಗಂಡಹೆಂಡಿರಿಬ್ಬರೂ ಎಪ್ಪತ್ತೆಪ್ಪತ್ತು ಕಿಲೋ ತೂಗುವವರಾದರೆ 140, ಇಬ್ಬರ ಹೆಲ್ಮೆಟ್ಟು, ಜಾಕೆಟ್ಟು, ಬೂಟುಗಳಿಗೆ ಇನ್ನೊಂದು ಹತ್ತು, ಉಳಿದದ್ದು ಮೂವತ್ತು. ಕಬ್ಬಿಣದ ಚೌಕಟ್ಟು ಸಹಿತವಾದ ಒಂದು ಜೊತೆ ಅಲ್ಯೂಮಿನಿಯಂ ಪೆಟ್ಟಿಗೆಗಳೇ ಇದರಲ್ಲಿ ಅರ್ಧವನ್ನು ನುಂಗಿದರೆ ಆಶ್ಚರ್ಯವಿಲ್ಲ. ಸಾಮಾನು ಹೊರುವುದಕ್ಕಾಗಿ ಕೊಂಡ ಪಾತ್ರೆಯೇ ಸಾಮಾನಿನ ಪಾಲನ್ನು ತಿಂದುಹಾಕುವ ಈ ವಿಚಿತ್ರವನ್ನು ಅಂಗಡಿಯಲ್ಲಿ ಯಾರೂ ಹೇಳಲಾರರು.

ನಮ್ಮ ದೇಶದ ಗಾಡಿಗಳ ಎರಡು ಪಕ್ಕಗಳೂ ಸಮಾನವಲ್ಲವೆಂಬುದು ಇನ್ನೊಂದು ತೊಡಕು. ಎಡಗಡೆ ಸೀರೆ ಗಾರ್ಡು. ಬಲಗಡೆ, ಬಹುಪಾಲು ಗಾಡಿಗಳಲ್ಲಿ, ಸೈಲೆನ್ಸರು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮವು ಹಿಂಬದಿ ಸವಾರರಿಗೆ ಹಿಡಿಕೆಯೂ ಕಾಲಿಡುವ ಮೆಟ್ಟೂ ಇರಬೇಕೆಂದು ವಿಧಿಸುವುದರ ಜೊತೆಗೆ, ಅವರ ಉಡುಪು ಚಕ್ರಕ್ಕೆ ಸಿಕ್ಕಿಕೊಳ್ಳದಂತೆ ಹಿಂಚಕ್ರದ ಅರ್ಧಕ್ಕೆ ಕಡಮೆಯಿಲ್ಲದ ಭಾಗವನ್ನು ಮರೆಮಾಡುವ ಸಾಧನವೂ ಇರಬೇಕೆಂದು ವಿಧಿಸುತ್ತದೆ. ಸೆರಗು ಚಕ್ರಕ್ಕೆ ಸಿಕ್ಕಿ ಆಗಬಹುದಾದ ಅನಾಹುತವನ್ನು ತಡೆಯಲು ಬಂದ ಈ ಕಂಬಿಯ ಜಾಲರಿಯನ್ನು, ಶೋಕಿಗೆ ಅಡ್ಡಿಯೆಂದು, ಶೋರೂಮಿನಿಂದ ಗಾಡಿ ತಂದ ವಾರದಲ್ಲಿಯೇ ಬಿಚ್ಚಿಸುವ ತರುಣರು ಅನೇಕರಿದ್ದಾರೆ. ಆದರೆ ಜೋತುಬಿದ್ದ ಬಟ್ಟೆಯ ಚೀಲವು ಒಳಕ್ಕೆ ಬಾಗಿ ಚಕ್ರವನ್ನು ತಾಗದಂತೆ ಕಾಯುವುದೂ ಅದೇ ಜಾಲರಿ. ದೂರ ಹೊರಡುವವರು ಬಿಚ್ಚಿಟ್ಟಿದ್ದನ್ನು ಹುಡುಕಿ ಮತ್ತೆ ಹಾಕಿಸುವುದು ಲೇಸು; ಬಲಗಡೆಗೂ ಚೀಲಕ್ಕೆ ಆಸರೆಯಾಗುವಂಥ ಒಂದು ಕಂಬಿಯ ಚೌಕಟ್ಟನ್ನು ಮಾಡಿಸುವುದು ಇನ್ನೂ ಲೇಸು. ಸೈಲೆನ್ಸರಿಗೂ ಚೀಲಕ್ಕೂ ನಡುವೆ ಅಂಗೈ ಅಗಲದಷ್ಟು ಗಾಳಿಯಾಡುವ ಜಾಗವಿಲ್ಲದಿದ್ದರೆ ನೈಲಾನ್ ಬಟ್ಟೆ ಕರಗಿ ಅಂಟಿಕೊಳ್ಳುತ್ತದೆ. ಇದು ನಿಂತಲ್ಲಿ ನೋಡಿದಾಗ ತಿಳಿಯುವುದಿಲ್ಲ. ಹಿಂದೆ ಒಬ್ಬರು ಕುಳಿತು, ಗಾಡಿ ಹಳ್ಳಕ್ಕಿಳಿದು, ಸಸ್ಪೆನ್ಷನ್ ಪೂರ್ಣವಾಗಿ ಕುಗ್ಗಿದಾಗ ಚೀಲ ಎಲ್ಲಿ ಬಂದು ತಾಗುವುದೆಂಬುದನ್ನು ಲೆಕ್ಕ ಹಾಕಬೇಕು.

ಕಾನೂನಿನ ಮಾತು ಬಂದುದರಿಂದ ಇನ್ನೊಂದನ್ನೂ ಹೇಳಿಬಿಡಬಹುದು. ಮೋಟಾರ್ ಸೈಕಲ್ಲಿಗೆ ಅಳವಡಿಸುವ ಹಗುರ ಪೆಟ್ಟಿಗೆಯ ಅಳತೆಯನ್ನು ಕೇಂದ್ರ ಸರ್ಕಾರ 2020ರಲ್ಲಿ ಗೊತ್ತುಪಡಿಸಿತು: ಉದ್ದ 550 ಮಿಲಿಮೀಟರ್, ಅಗಲ 510, ಎತ್ತರ 500 ಇದನ್ನು ಮೀರುವಂತಿಲ್ಲ. ಪೆಟ್ಟಿಗೆ ಹಿಂಬದಿ ಸವಾರರ ಸ್ಥಳವನ್ನೇ ಆಕ್ರಮಿಸಿದರೆ ಚಾಲಕನೊಬ್ಬನೇ ಹೋಗತಕ್ಕದ್ದು. ಅದು ಆ ಸ್ಥಳಕ್ಕಿಂತ ಹಿಂದೆ ಇದ್ದರೆ ಮಾತ್ರ ಇನ್ನೊಬ್ಬರು ಕೂಡಬಹುದು. ಮನೆಮನೆಗೆ ಊಟ ಮುಟ್ಟಿಸುವವರ ದೊಡ್ಡ ಪೆಟ್ಟಿಗೆಗಳೂ ಪ್ರವಾಸಿಗಳ ಪೆಟ್ಟಿಗೆಗಳೂ ಈ ಒಂದೇ ಅಳತೆಗೋಲಿಗೆ ಒಳಪಡುತ್ತವೆ.

ಮೋಟಾರ್ ಸೈಕಲ್ಲಿನ ಮೇಲೆ ಲೋಕ ಸುತ್ತುವ ಹಂಬಲ ಹೊಸದೇನೂ ಅಲ್ಲ. ಅಮೆರಿಕದ ರಾಬರ್ಟ್ ಎಡಿಸನ್ ಫುಲ್ಟನ್ ಎಂಬ ಯುವಕ 1932ರಲ್ಲಿ ಡಗ್ಲಸ್ ಎಂಬ ಗಾಡಿಯನ್ನೇರಿ ಲಂಡನ್ನಿನಿಂದ ಹೊರಟು, ಹಿಂದೂಸ್ಥಾನವನ್ನೂ ಹಾದು, 1933ರ ಕೊನೆಗೆ ಟೋಕಿಯೋ ತಲಪಿದ. ಅವನ ಸಾಮಾನಿನಲ್ಲಿ ಚಲನಚಿತ್ರದ ಕ್ಯಾಮೆರಾ ಮತ್ತು ಫಿಲ್ಮಿನ ಸುರುಳಿಗಳಿಗೇ ಪ್ರಮುಖ ಸ್ಥಾನವಿತ್ತು. ಟೆಡ್ ಸೈಮನ್ ಎಂಬ ಪತ್ರಕರ್ತ 1973ರಿಂದ 1977ರವರೆಗೆ 500 ಸಿಸಿಯ ಟ್ರಯಂಫ್ ಗಾಡಿಯ ಮೇಲೆ ನಾಲ್ಕು ವರ್ಷ ಸಂಚರಿಸಿದ. ಅವನ ದಾರಿಯಲ್ಲಿಯೂ ಭಾರತ ಬಂದಿತು. ನಾಲ್ಕು ವರ್ಷ ಸುತ್ತುವವನಾಗಲಿ ನಾಲ್ಕು ದಿನ ಸುತ್ತುವವನಾಗಲಿ ಗಾಡಿಯ ಮೇಲೆ ಇರುವ ಸ್ಥಳ ಒಂದೇ ಎಂಬ ವಿಷಯವನ್ನು ಈ ಚರಿತ್ರೆಗಳನ್ನೋದಿದವರು ಮರೆಯಬಾರದು. ದಿನ ಹೆಚ್ಚಿದಂತೆ ಬಟ್ಟೆ ಹೆಚ್ಚುವುದಿಲ್ಲ, ಒಗೆಯುವುದು ಹೆಚ್ಚುತ್ತದೆ. ಇಂದು ಜಗತ್ತಿನಾದ್ಯಂತ ಕಾಣುವ ಗಟ್ಟಿ ಪೆಟ್ಟಿಗೆಗಳ ಪ್ರಸಿದ್ಧ ತಯಾರಕ ಸಂಸ್ಥೆಯಾದ ಗಿವಿಯನ್ನು ಇಟಲಿಯಲ್ಲಿ 1978ರಲ್ಲಿ ಸ್ಥಾಪಿಸಿದಾತ ಜ್ಯೂಸೆಪ್ಪೆ ವಿಸೆಂಜಿ. ಅವನು ಮೊದಲು ಮೋಟಾರ್ ಸೈಕಲ್ ಪಂದ್ಯಗಳ ಸವಾರನಾಗಿದ್ದವನು.

ನಮ್ಮ ನಾಡಿನಲ್ಲಿ ಈ ಹಂಬಲವನ್ನು ಮಧ್ಯಮವರ್ಗದ ಕೈಗೆಟಕಿಸಿದ ಯಂತ್ರಗಳಲ್ಲಿ ಮೈಸೂರಿನ ಯಾದವಗಿರಿಯ ಕಾರ್ಖಾನೆಯಿಂದ 1960ರ ದಶಕದ ಆರಂಭದಿಂದ ಹೊರಬರತೊಡಗಿದ ಜಾವಾ, ಅನಂತರ ಅದರ ಉತ್ತರಾಧಿಕಾರಿಯಾದ ಯೆಜ್ಡಿ ಅಗ್ರಗಣ್ಯವಾದವು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಆ ಗಾಡಿಗಳದು ಪೆಟ್ರೋಲಿಗೆ ಆಯಿಲ್ ಬೆರೆಸಬೇಕಾದ ಟೂ ಸ್ಟ್ರೋಕ್ ಇಂಜಿನ್ನಾದ್ದರಿಂದ ದೂರ ಹೊರಟವನ ಸಾಮಾನಿನಲ್ಲಿ ಆಯಿಲ್ ಡಬ್ಬಿಗೊಂದು ಜಾಗ, ಕಾಲಕಾಲಕ್ಕೆ ಕಪ್ಪಾಗುವ ಸ್ಪಾರ್ಕ್ ಪ್ಲಗ್ಗಿಗೊಂದು ಬದಲಿ ಪ್ಲಗ್ಗು, ಅದನ್ನು ಬಿಚ್ಚುವ ಸ್ಪ್ಯಾನರು ಕಡ್ಡಾಯವಾಗಿದ್ದುವು. ಬಟ್ಟೆಗಳಿಗೆ ಕ್ಯಾನ್ವಾಸಿನ ಕೈಚೀಲ. ಕಟ್ಟುವುದಕ್ಕೆ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿದ ರಬ್ಬರ್ ಪಟ್ಟಿ. ಈ ರಬ್ಬರ್ ಪಟ್ಟಿಯನ್ನು ಕಂಡು ನಗುವವರು ಇಂದಿನ ಬಂಜಿ ಹಗ್ಗಕ್ಕಿಂತ ಅದು ಒಂದು ವಿಷಯದಲ್ಲಿ ಮೇಲೆಂಬುದನ್ನು ಗಮನಿಸಲಿ: ಅದಕ್ಕೆ ಕೊಕ್ಕೆಗಳಿರಲಿಲ್ಲ. ಬಿಗಿಯಾಗಿ ಎಳೆದ ಬಂಜಿ ಹಗ್ಗದ ಕಬ್ಬಿಣದ ಕೊಕ್ಕೆ ಕೈಜಾರಿ ಮುಖಕ್ಕೆ ಹಾರಿದರೆ ಕಣ್ಣಿಗೆ ಅಪಾಯ. ಹಳ್ಳಕ್ಕಿಳಿದಾಗ ಹಗ್ಗ ಹಿಗ್ಗಿ ಕೊಕ್ಕೆ ಕಳಚಿಕೊಂಡು ಚೈನಿಗೋ ಕಡ್ಡಿಗಳಿಗೋ ಸಿಕ್ಕಿದರೆ ಹಿಂಚಕ್ರ ಒಮ್ಮೆಗೇ ಹಿಡಿದುಕೊಳ್ಳುವುದು. ಬಂಜಿ ಹಗ್ಗವನ್ನು ಒದ್ದೆ ರೇನ್‌ಕೋಟನ್ನು ಮೇಲೆ ಸಿಕ್ಕಿಸುವುದಕ್ಕೆ ಇಟ್ಟುಕೊಳ್ಳಿ. ಭಾರವನ್ನು ಹಿಡಿಯಲು ಹಿಗ್ಗದ, ಬಕಲ್ಲುಳ್ಳ ಚಪ್ಪಟೆ ಪಟ್ಟಿಗಳೇ ಬೇಕು.

ಇನ್ನು ಚೀಲಗಳ ವಿಚಾರ. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಒಂದು ಮಧ್ಯಾಹ್ನ ಸುತ್ತಿದರೆ ಐದಾರು ಜಾತಿಗಳು ಕಣ್ಣಿಗೆ ಬೀಳುತ್ತವೆ. ವಯಾಟೆರಾದಂಥ ಬೆಂಗಳೂರಿನದೇ ಸಂಸ್ಥೆಗಳು ಈ ಕೆಲಸದಲ್ಲಿ ತೊಡಗಿರುವುದರಿಂದ ಪರದೇಶದ ಸರಕಿಗೆ ಕಾಯಬೇಕಾದ ಪ್ರಮೇಯವೂ ಈಗಿಲ್ಲ. ಸೀಟಿನ ಮೇಲೆ ಅಡ್ಡಲಾಗಿ ಹಾಕಿ ಎರಡು ಪಕ್ಕಕ್ಕೆ ಇಳಿಬಿಡುವ ಬಟ್ಟೆಯ ಹಸುಬೆಯೇ, ನನ್ನ ಅಭಿಪ್ರಾಯದಲ್ಲಿ, ನಮ್ಮ ರಸ್ತೆಗಳಿಗೂ ನಮ್ಮ ಗಾಡಿಗಳಿಗೂ ಎಲ್ಲಕ್ಕಿಂತ ಹೊಂದುವಂಥದು. ಅದರ ಭಾರ ತಗ್ಗಿನಲ್ಲಿರುತ್ತದೆ, ಅಚ್ಚುಗಳ ನಡುವೆಯೇ ಬಹುಮಟ್ಟಿಗೆ ನಿಲ್ಲುತ್ತದೆ, ಚೀಲದ ಸ್ವಂತ ತೂಕ ಅಲ್ಪ, ಗಾಡಿ ಉರುಳಿದರೆ ಕಾಲನ್ನು ಜಜ್ಜುವುದಿಲ್ಲ, ರಜೆ ಮುಗಿದ ಮೇಲೆ ಮಡಿಸಿ ಅಟ್ಟಕ್ಕೆ ಹಾಕಬಹುದು. ಅದಕ್ಕೆ ಬೀಗವಿಲ್ಲವೆಂಬುದು ನಿಜವಾದ ಕೊರತೆ. ಬೇಲೂರಿನ ದೇವಾಲಯದ ಹೊರಗೆ ಗಾಡಿ ನಿಲ್ಲಿಸಿ ಶಿಲ್ಪಗಳ ಮುಂದೆ ನಿಂತವನ ಮನಸ್ಸಿನಲ್ಲಿ ಅರ್ಧ ಚೀಲದ ಕಡೆಗೇ ಇರುವುದು.

ಗಟ್ಟಿ ಪೆಟ್ಟಿಗೆಗೆ ಬೀಗವುಂಟು, ಮಳೆಯ ಭಯವಿಲ್ಲ, ಲಾಡ್ಜಿನಲ್ಲಿ ಸೂಟ್‌ಕೇಸಿನಂತೆ ಕಳಚಿ ಒಳಗೆ ಒಯ್ಯಬಹುದು. ದೇವಸ್ಥಾನಗಳ ಯಾತ್ರೆಗೋ ನೆಂಟರ ಮನೆಗಳ ಸುತ್ತಾಟಕ್ಕೋ ಹೋಗುವ ದಂಪತಿಗಳಿಗೆ ಹಿಂಬದಿಯ ಒಂದು ಟಾಪ್ ಬಾಕ್ಸ್ ಪರಮೋಪಯುಕ್ತ. ಹಿಂದೆ ಕುಳಿತವರಿಗೆ ಬೆನ್ನಿಗಾಸರೆಯೂ ಆಗುತ್ತದೆ. ಆದರೆ ಅದು ಎತ್ತರದಲ್ಲಿಯೂ ಹಿಂದಕ್ಕೂ ಇರುವ ಪೆಟ್ಟಿಗೆ, ಮೇಲೆ ಮಾಡಿದ ಲೆಕ್ಕಕ್ಕೆ ನೇರವಾಗಿ ಗುರಿಯಾಗುವಂಥದು. ಹಲವು ಪೆಟ್ಟಿಗೆಗಳ ಮುಚ್ಚಳದ ಒಳಗೇ ಹತ್ತು ಕಿಲೋ ಮೀರಕೂಡದೆಂಬ ಅರ್ಥದ ಸೂಚನೆ ಅಂಟಿಸಿರುತ್ತದೆ. ಜಾಗವಿದೆಯೆಂದು ತೂಕದ ಸಾಮಾನನ್ನೆಲ್ಲ ಅಲ್ಲಿಗೆ ತುಂಬುವುದು ಅವಿವೇಕ. ಹೊದಿಕೆ, ಸ್ವೆಟರು, ರೇನ್‌ಕೋಟು ಅಲ್ಲಿಗೆ ಯೋಗ್ಯ. ಪಕ್ಕಗಳಿಗೆ ಹಾಕುವ ಅಲ್ಯೂಮಿನಿಯಂ ಪೆಟ್ಟಿಗೆಗಳಾದರೋ ಲಡಾಖಿನ ಚಿತ್ರಗಳಲ್ಲಿ ಬಹು ಗಂಭೀರವಾಗಿ ಕಾಣುತ್ತವೆ. ಅವುಗಳನ್ನು ತೊಟ್ಟ ಗಾಡಿ ಕತ್ರಿಗುಪ್ಪೆಯ ಸಿಗ್ನಲ್ಲಿನಲ್ಲಿ ಎರಡು ಬಸ್ಸುಗಳ ನಡುವೆ ಹ್ಯಾಂಡಲ್ಲನ್ನು ನುಗ್ಗಿಸಿ, ಹ್ಯಾಂಡಲ್ ಹೋದ ಮೇಲೆ ಪೆಟ್ಟಿಗೆ ಹೋಗದೆ ಸಿಕ್ಕಿಕೊಳ್ಳುವ ದೃಶ್ಯ ಅಷ್ಟು ಗಂಭೀರವಲ್ಲ. ಮಣ್ಣುಹಾದಿಯಲ್ಲಿ ಕಾಲೂರಿದಾಗ ಹಿಂದಿನಿಂದ ಪೆಟ್ಟಿಗೆಯ ಅಂಚು ಬಂದು ಮೀನಖಂಡವನ್ನು ಒತ್ತುವ ಅಪಾಯವೂ ಇದೆ.

ಟ್ಯಾಂಕಿನ ಮೇಲೆ ಕೂಡುವ ಚಿಕ್ಕ ಚೀಲಕ್ಕೆ ಅಯಸ್ಕಾಂತವಿದ್ದರೆ ಕಬ್ಬಿಣದ ಟ್ಯಾಂಕಿಗೆ ಮಾತ್ರ ಹಿಡಿಯುತ್ತದೆ. ಪ್ಲಾಸ್ಟಿಕ್ ಹೊದಿಕೆಯ ಟ್ಯಾಂಕಿನವರು ಪಟ್ಟಿಯದನ್ನು ಕೊಳ್ಳಬೇಕು. ಟೋಲಿನ ಚಿಲ್ಲರೆ, ಫೋನು, ಕನ್ನಡಕ, ನೀರಿನ ಬಾಟಲು, ಇಷ್ಟಕ್ಕೆ ಅದು ಸಾಕು. ಬೆನ್ನಿಗೆ ಹಾಕಿಕೊಳ್ಳುವ ಚೀಲದ ವಿಷಯದಲ್ಲಿ ನನಗೆ ಸ್ವಲ್ಪವೂ ಒಲವಿಲ್ಲ. ಲ್ಯಾಪ್‌ಟಾಪ್ ಹೊತ್ತು ಆಫೀಸಿಗೆ ಹೋಗುವ ಅಭ್ಯಾಸದಿಂದ ಅದನ್ನೇ ಚಿಕ್ಕಮಗಳೂರಿಗೂ ಹೊರುತ್ತಾರೆ. ಸುಮಾರು 245 ಕಿಲೋಮೀಟರ್ ದೂರದ ಆ ಹಾದಿಯಲ್ಲಿ ಹಾಸನಕ್ಕೆ ಮುಂಚೆಯೇ ಹೆಗಲು ಕಟ್ಟಿಕೊಳ್ಳುತ್ತದೆ. ಬಿದ್ದರಂತೂ ಚೀಲದಲ್ಲಿರುವ ಗಟ್ಟಿ ವಸ್ತುವೇ ಬೆನ್ನುಮೂಳೆಗೆ ಕಲ್ಲಾಗುವುದು.

ಮಳೆಯ ವಿಚಾರ ಸ್ವಲ್ಪ ವಿಸ್ತರಿಸಬೇಕು. ನಮ್ಮವರ ಪ್ರವಾಸೋತ್ಸಾಹ ಕೆರಳುವುದೇ ಜೂನ್ ತಿಂಗಳ ನಂತರ, ಜಲಪಾತಗಳು ತುಂಬಿ ಘಾಟಿಗಳು ಹಸುರಾದ ಮೇಲೆ. ಬೆಂಗಳೂರಿನ ವಾರ್ಷಿಕ ಮಳೆ 1000 ಮಿಲಿಮೀಟರಿನ ಆಸುಪಾಸು. ಆಗುಂಬೆಯದು ಸರಾಸರಿ 7000ಕ್ಕೂ ಮಿಗಿಲು. ಇಟ್ಟಮಡುವಿನ ಮಳೆಯನ್ನು ತಡೆದ ಚೀಲ ಆಗುಂಬೆಯ ಮಳೆಯನ್ನು ತಡೆಯುವುದೆಂಬ ನಂಬಿಕೆ ಆ ಘಾಟಿಯ ಮೊದಲ ತಿರುವಿನಲ್ಲಿಯೇ ಕೊಚ್ಚಿಹೋಗುವುದು. ಚೀಲಗಳೊಡನೆ ಕೊಡುವ ತೆಳ್ಳನೆಯ ಮಳೆಗವಸು ಮೇಲಿಂದ ಬೀಳುವ ನೀರನ್ನು ಮಾತ್ರ ತಡೆಯಬಲ್ಲದು. ಹಿಂಚಕ್ರ ಕೆಳಗಿನಿಂದ ಎರಚುವ ಕೆಸರುನೀರು ಹೊಲಿಗೆಗಳ ಮೂಲಕ ಒಳನುಗ್ಗುತ್ತದೆ. ಗವಸಿನ ತಳದಲ್ಲಿ ನಿಂತ ನೀರು ಹೊರಹೋಗಲಾರದೆ ಚೀಲವನ್ನೇ ತೊಟ್ಟಿ ಮಾಡುತ್ತದೆ. ಗಾಳಿ ತುಂಬಿದ ಗವಸು ಪಟಪಟನೆ ಹೊಡೆದುಕೊಂಡು ಎಲ್ಲೋ ಹಾರಿಹೋದದ್ದು ಹತ್ತು ಮೈಲಿಯ ಮೇಲೆ ತಿಳಿಯುತ್ತದೆ. ಹೊರಗಿನ ಗವಸನ್ನು ನೆಚ್ಚುವುದಕ್ಕಿಂತ ಒಳಗಿನ ಪದರವನ್ನು ಭದ್ರಪಡಿಸುವುದು ಮೇಲು. ಬಾಯನ್ನು ಮೂರು ನಾಲ್ಕು ಸುತ್ತು ಮಡಿಸಿ ಬಕಲ್ ಹಾಕುವ ಡ್ರೈ ಬ್ಯಾಗುಗಳು ಇದಕ್ಕೆಂದೇ ಇವೆ. ಅಷ್ಟು ಖರ್ಚು ಬೇಡವೆನ್ನುವವರು ದಪ್ಪನೆಯ ಪ್ಲಾಸ್ಟಿಕ್ ಕವರನ್ನು ಚೀಲದೊಳಗೆ ಅಸ್ತರಿಯಂತೆ ಹಾಸಿ, ಬಟ್ಟೆ ತುಂಬಿ, ಗಾಳಿಯನ್ನು ಅಂಗೈಯಿಂದ ಒತ್ತಿ ಹೊರಹಾಕಿ, ಬಾಯನ್ನು ತಿರುಚಿ ಕಟ್ಟಿದರೆ ಅದೇ ಕೆಲಸ ನಡೆಯುತ್ತದೆ. ಹೊರಗಿನ ಚೀಲ ನೆನೆದರೆ ನೆನೆಯಲಿ. ರೇನ್‌ಕೋಟು ಮಾತ್ರ ಎಲ್ಲದರ ಮೇಲೆ, ಗಂಟು ಬಿಚ್ಚದೆ ಕೈಗೆ ಸಿಕ್ಕುವಂತಿರಬೇಕು. ಸಕಲೇಶಪುರದ ಆಚೆ ಮಳೆ ಹನಿಯಿಂದ ಆರಂಭವಾಗುವುದಿಲ್ಲ, ಒಮ್ಮೆಗೇ ಸುರಿಯುತ್ತದೆ.

ಒಳಗೆ ಏನಿರಬೇಕೆಂಬುದಕ್ಕೆ ಪಟ್ಟಿ ಕೊಡುವ ಇಚ್ಛೆ ನನಗಿಲ್ಲ. ಅವರವರ ಅಗತ್ಯ ಅವರವರಿಗೆ. ಆದರೂ ಒಂದೆರಡು ಮಾತು. ಮೈಮೇಲಿರುವುದಲ್ಲದೆ ಎರಡು ಜೊತೆ ಬಟ್ಟೆ ವಾರಕ್ಕೂ ಸಾಕು. ಜೀನ್ಸ್ ಪ್ಯಾಂಟನ್ನು ಮನೆಯಲ್ಲಿಯೇ ಬಿಡುವುದು ಒಳಿತು. ಒಣಗಿದ್ದಾಗಲೇ ಭಾರವಾಗಿರುವ ಅದು ನೆನೆದರೆ ಮಲೆನಾಡಿನ ಹವೆಯಲ್ಲಿ ಎರಡು ದಿನವಾದರೂ ಒಣಗುವುದಿಲ್ಲ. ಹತ್ತಿಯ ತೆಳು ಪಂಚೆಯೊಂದು ಇರಲೇಬೇಕೆಂದು ನಾನು ಹೇಳುವುದು ಕೇವಲ ಹಳಬರ ಅಭಿಮಾನದಿಂದಲ್ಲ. ಅದು ಉಡುವುದಕ್ಕಾಯಿತು, ಮೈ ಒರಸುವುದಕ್ಕಾಯಿತು, ಲಾಡ್ಜಿನ ಸಂಶಯಾಸ್ಪದ ಹಾಸಿಗೆಯ ಮೇಲೆ ಹಾಸುವುದಕ್ಕಾಯಿತು, ಕ್ಯಾಮೆರಾವನ್ನು ಸುತ್ತಿಡುವುದಕ್ಕೂ ಆಯಿತು. ಬುತ್ತಿಯ ಬಗೆಗೆ ಮನೆಯ ಹಿರಿಯರೊಡನೆ ವಾದ ಅನಿವಾರ್ಯ. ಬಿಡದಿಯಲ್ಲಿ ತಟ್ಟೆ ಇಡ್ಲಿ ಹಬೆಯಾಡುತ್ತಿರುವಾಗ ಮೈಸೂರಿನ ದಾರಿಗೆ ಚಪಾತಿಯ ಡಬ್ಬಿ ಏಕೆಂದು ತರುಣರೂ, ಹೋಟೆಲಿನದು ಹೊಟ್ಟೆಗೆ ಆಗದೆಂದು ತಾಯಂದಿರೂ ಹೇಳುವುದು ಎರಡೂ ಸರಿಯೆ. ಎಣ್ಣೆಯ ಪದಾರ್ಥಗಳನ್ನು ಮಾತ್ರ ಬಟ್ಟೆಯ ಚೀಲದಲ್ಲಿಡಬೇಡಿ. ಮತ್ತು ಘಾಟಿಯ ನೋಟದ ತಾಣಗಳಲ್ಲಿ ತಿಂಡಿಯ ವಾಸನೆಯಿರುವ ಚೀಲವನ್ನು ಗಾಡಿಯ ಮೇಲೆ ಬಿಟ್ಟು ಫೋಟೋ ತೆಗೆಯಲು ಹೋಗಬೇಡಿ. ಜಿಪ್ಪು ಎಳೆಯುವ ವಿದ್ಯೆಯನ್ನು ಅಲ್ಲಿನ ಕೋತಿಗಳು ಚೆನ್ನಾಗಿ ಕಲಿತಿವೆ.

ಉಪಕರಣಗಳಲ್ಲಿ ಟೈರು ಟ್ಯೂಬ್‌ಲೆಸ್ ಆದರೆ ಪಂಕ್ಚರ್ ಕಿಟ್ಟು ಮತ್ತು ಗಾಳಿ ತುಂಬುವ ಪಂಪು. ಕಡ್ಡಿಚಕ್ರದ ಟ್ಯೂಬ್ ಟೈರಾದರೆ ಬದಲಿ ಟ್ಯೂಬು. ಒಂದು ಕ್ಲಚ್ ಕೇಬಲ್ಲು, ಒಂದೆರಡು ಫ್ಯೂಸು, ಸ್ಪ್ಯಾನರುಗಳು. ಬಾಟಲಿಯಲ್ಲಿ ಪೆಟ್ರೋಲು ಹೊರುವ ಚಪಲ ನಮ್ಮ ರಾಜ್ಯದ ಹೆದ್ದಾರಿಗಳಲ್ಲಿ ಅನಾವಶ್ಯಕ, ಬಿಸಿಯಾದ ಸೈಲೆನ್ಸರಿನ ನೆರೆಯಲ್ಲಿ ಅಪಾಯಕರ. ಲೈಸೆನ್ಸು, ಆರ್‌ಸಿ, ಇನ್ಷೂರೆನ್ಸುಗಳನ್ನು ಡಿಜಿಲಾಕರಿನಲ್ಲಿ ತೋರಿಸಿದರೆ ಅಸಲಿಗೆ ಸಮವೆಂದು 2018ರಲ್ಲಿಯೇ ಕೇಂದ್ರ ಸಾರಿಗೆ ಸಚಿವಾಲಯ ತಿಳಿಸಿದೆ. ಆದರೆ ಸಿಗ್ನಲ್ ಸಿಕ್ಕದ ಕಾಡಿನ ಚೆಕ್‌ಪೋಸ್ಟಿನಲ್ಲಿ ಉಪಯೋಗಕ್ಕೆ ಬರುವುದು ಪ್ಲಾಸ್ಟಿಕ್ ಕವರಿನೊಳಗಿನ ಕಾಗದವೇ.

ತುಂಬುವಾಗ ಕಬ್ಬಿಣದ ಸಾಮಾನು ಹಸುಬೆಯ ತಳಕ್ಕೆ, ಸವಾರನ ಕಡೆಯ ಮೂಲೆಗೆ ಹೋಗಬೇಕು. ಅದರ ಮೇಲೆ ಬಟ್ಟೆ. ಎಲ್ಲಕ್ಕೂ ಮೇಲೆ ಆ ರಾತ್ರಿಗೆ ಬೇಕಾದದ್ದು. ಬಟ್ಟೆಯನ್ನು ಮಡಿಸದೆ ಸುರುಳಿ ಸುತ್ತಿದರೆ ಸಂದುಗಳೆಲ್ಲ ತುಂಬಿ ಚೀಲ ಗಟ್ಟಿಯಾಗುತ್ತದೆ. ಸಡಿಲವಾಗಿ ತುಂಬಿದ ಚೀಲ ಹಾದಿಯುದ್ದಕ್ಕೂ ತನ್ನ ಆಕಾರವನ್ನು ಬದಲಾಯಿಸುತ್ತ, ಪಟ್ಟಿಗಳನ್ನು ಸಡಿಲಿಸುತ್ತ ಹೋಗುತ್ತದೆ. ಎರಡು ಪಕ್ಕಗಳನ್ನೂ ಕೈಯಲ್ಲಿ ಎತ್ತಿ ಅಂದಾಜು ಮಾಡದೆ, ಕೊಕ್ಕೆಯ ತಕ್ಕಡಿಯಲ್ಲಿ ತೂಗಿ, ಒಂದು ಕಿಲೋಗಿಂತ ಹೆಚ್ಚು ವ್ಯತ್ಯಾಸವಿಲ್ಲದಂತೆ ನೋಡಿಕೊಳ್ಳಬೇಕು. ನೀರಿನ ಲೀಟರ್ ಬಾಟಲಿ ಒಂದು ಕಿಲೋ. ಯಾವ ಪಕ್ಕ ಹಗುರವೋ ಅಲ್ಲಿಗೆ ಅದನ್ನು ಸೇರಿಸಿದರಾಯಿತು. ಕಟ್ಟುವ ಪಟ್ಟಿಗಳು ನಾಲ್ಕು ದಿಕ್ಕಿಗೆ ಎಳೆಯಬೇಕು, ಒಂದು ಕಳಚಿದರೂ ಮಿಕ್ಕವು ಹಿಡಿದಿರಬೇಕು, ಉಳಿದ ತುದಿಗಳನ್ನು ಗಂಟು ಹಾಕಿ ಒಳಕ್ಕೆ ಸಿಕ್ಕಿಸಬೇಕು. ಇಂಡಿಕೇಟರು, ಹಿಂದಿನ ದೀಪ, ನಂಬರ್ ಪ್ಲೇಟು ಮುಚ್ಚಿಹೋಗಿದೆಯೇ ಎಂದು ಹತ್ತು ಹೆಜ್ಜೆ ಹಿಂದೆ ನಿಂತು ನೋಡಬೇಕು.

ಇಷ್ಟೆಲ್ಲ ಆದ ಮೇಲೆ, ಭಾರ ಹೊತ್ತ ಗಾಡಿಯನ್ನು ಹಿಂದಿನ ಸಂಜೆಯೇ ಗ್ಯಾರೇಜಿಗೆ ಒಯ್ಯತಕ್ಕದ್ದು. ಖಾಲಿ ಗಾಡಿಯನ್ನು ಒಯ್ದು ಪ್ರಯೋಜನವಿಲ್ಲ. ಇಟ್ಟಮಡುವಿನ ಒಂದು ಗ್ಯಾರೇಜಿನ ಮುಂದೆ ನನ್ನ ಕಿವಿಗೆ ಬಿದ್ದ ಮಾತುಕತೆ ಇಲ್ಲಿ ಉಲ್ಲೇಖಾರ್ಹ.

“ಸಾರ್, ಹಿಂದ್ಗಡೆ ಪೂರಾ ಕೂತ್ಬಿಟ್ಟಿದೆ ನೋಡಿ. ಮೇಡಂ ಕೂತ್ರೆ ಇನ್ನೂ ಇಳಿಯುತ್ತೆ. ಶಾಕ್ ಅಬ್ಸಾರ್ಬರ್ ಎರಡು ಪಾಯಿಂಟ್ ಏರಿಸ್ಲಾ?”

“ಏರಿಸು ಗುರು. ಆದ್ರೆ ಸೊಂಟ ಹೋಗಲ್ಲ ತಾನೆ?”

“ಖಾಲಿ ಗಾಡಿಗಾದ್ರೆ ಹೋಗುತ್ತೆ ಸಾರ್. ಈ ಲೋಡಿಗೆ ಇದೇ ಸರಿ. ವಾಪಸ್ ಬಂದ್ಮೇಲೆ ಇಳಿಸ್ಕೊಡ್ತೀನಿ.”

ಮೆಕ್ಯಾನಿಕ್ ಸೀಟಿನ ಕೆಳಗಿನಿಂದ ಕೊಕ್ಕೆಯಂಥ ಸ್ಪ್ಯಾನರನ್ನು ತೆಗೆದು ಸ್ಪ್ರಿಂಗಿನ ಬುಡದ ಮೆಟ್ಟಿಲುಳ್ಳ ಬಳೆಯನ್ನು ಟಕ್ ಟಕ್ ಎಂದು ಎರಡು ಮೆಟ್ಟಿಲು ತಿರುಗಿಸಿದ. ಎರಡನೆಯ ಪಕ್ಕವನ್ನೂ ಅಷ್ಟೇ ತಿರುಗಿಸಿದ. ಬಹುಪಾಲು ಗಾಡಿಗಳ ಸೀಟಿನ ಕೆಳಗೆ ಆ ಸ್ಪ್ಯಾನರು ಇದ್ದೇ ಇರುತ್ತದೆ, ಅದರ ಉಪಯೋಗ ತಿಳಿದವರು ವಿರಳ. ಹಿಂಬದಿ ಕುಸಿದರೆ ಹೆಡ್‌ಲೈಟಿನ ಬೆಳಕು ಮೇಲೆದ್ದು ಎದುರು ಬರುವವರ ಕಣ್ಣಿಗೆ ಬಡಿಯುತ್ತದೆ; ಆದ್ದರಿಂದ ದೀಪದ ಕೋನವನ್ನೂ ಸರಿಪಡಿಸಬೇಕು. ಹಿಂದಿನ ಟೈರಿನ ಗಾಳಿಯನ್ನು ಒಬ್ಬರಿಗೆಷ್ಟು, ಇಬ್ಬರಿಗೂ ಸಾಮಾನಿಗೂ ಎಷ್ಟು ಎಂದು ಗಾಡಿಯ ಮೇಲಿನ ಚೀಟಿಯಲ್ಲಿಯೋ ಕೈಪಿಡಿಯಲ್ಲಿಯೋ ಬೇರೆಬೇರೆಯಾಗಿ ನಮೂದಿಸಿರುತ್ತಾರೆ. ಬ್ರೇಕು ಹಿಡಿಯುವ ದೂರ ಹೆಚ್ಚಾಗಿರುವುದನ್ನು ಅನುಭವಕ್ಕೆ ತಂದುಕೊಳ್ಳಲು ಆ ಸಂಜೆಯೇ ಇಟ್ಟಮಡುವಿನ ಇಳಿಜಾರುಗಳಲ್ಲಿ ಒಂದು ಸುತ್ತು ಹಾಕಿ ಬರಬಹುದು. ಸೈಡ್ ಸ್ಟ್ಯಾಂಡಿನ ಮೇಲೆ ಇಳಿಜಾರಿನಲ್ಲಿ ನಿಲ್ಲಿಸಿದರೆ ಭಾರ ಹೊತ್ತ ಗಾಡಿ ಎಷ್ಟು ಬಾಗುವುದೆಂಬುದೂ ತಿಳಿಯುತ್ತದೆ.

ಹಾದಿ ಹಿಡಿದ ಮೇಲೆ ಮೊದಲ ಮೂವತ್ತು ಕಿಲೋಮೀಟರಿನಲ್ಲಿ ಒಮ್ಮೆ ನಿಲ್ಲಿಸಿ ಪಟ್ಟಿಗಳನ್ನು ಮತ್ತೆ ಬಿಗಿ ಮಾಡಬೇಕು. ಮೈಸೂರು ಕಡೆಗೆ ಹೋಗುವವರಿಗೆ ಇದು ಇನ್ನೂ ಮುಖ್ಯ: 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲದ್ದರಿಂದ ಅವರು ಸರ್ವೀಸ್ ರಸ್ತೆಯಲ್ಲಿಯೇ ಸಾಗಬೇಕು, ಅಲ್ಲಿನ ಹಂಪುಗಳು ಯಾವ ಗಂಟಿನ ಬಿಗಿಯನ್ನೂ ಪರೀಕ್ಷಿಸದೆ ಬಿಡುವುದಿಲ್ಲ. ಮೈಸೂರಿನಿಂದಾಚೆ ಗುಂಡ್ಲುಪೇಟೆಯ ಮೂಲಕ ಊಟಿಗೋ ವಯನಾಡಿಗೋ ಹೋಗುವವರು ಬಂಡೀಪುರದ ಕಾಡುರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುವುದನ್ನು ನೆನಪಿಡಬೇಕು. 2009ರಿಂದ ಈ ನಿರ್ಬಂಧವಿದೆ. ಮದ್ದೂರಿನಲ್ಲಿ ವಡೆಗೆ ನಿಂತು, ಶ್ರೀರಂಗಪಟ್ಟಣದಲ್ಲಿ ಹೊಳೆ ನೋಡಿ ಹೊತ್ತು ಕಳೆದವರು ಗುಂಡ್ಲುಪೇಟೆಯಲ್ಲಿಯೇ ರಾತ್ರಿ ಉಳಿಯಬೇಕಾದೀತು. ಆ ರಾತ್ರಿಗೆ ಬೇಕಾದ ಪಂಚೆ, ಹಲ್ಲುಜ್ಜುವ ಬ್ರಷ್ಷು, ಔಷಧಿ, ಫೋನಿನ ಚಾರ್ಜರು ಮೇಲುಗಡೆಯೇ ಇದ್ದರೆ ಇಡೀ ಹೇರನ್ನು ಬಿಚ್ಚುವ ಶ್ರಮ ತಪ್ಪುತ್ತದೆ.

ಕಡೆಯದಾಗಿ, ಹೊರಡುವಾಗಲೇ ಚೀಲದ ಕಾಲುಭಾಗ ಖಾಲಿ ಇರಬೇಕು. ಚಿಕ್ಕಮಗಳೂರಿಗೆ ಹೋದವರು ಕಾಫಿಪುಡಿಯಿಲ್ಲದೆ ಬಂದರೆ ಮನೆಯವರು ಕ್ಷಮಿಸುವುದಿಲ್ಲ. ಕೊಡಗಿನಿಂದ ಮೆಣಸು, ಕಿತ್ತಳೆ, ಜೇನು. ಮೇಲುಕೋಟೆಯ ಕಡೆಯಿಂದ ಪುಳಿಯೋಗರೆಯ ಗೊಜ್ಜು. ಇವುಗಳಲ್ಲಿ ಜೇನಿನ ಗಾಜಿನ ಬಾಟಲಿಯೇ ಕಷ್ಟದ ಗಿರಾಕಿ. ಅದನ್ನು ಟಾಪ್ ಬಾಕ್ಸಿಗೆ ಹಾಕಿದರೆ ಪ್ರತಿ ಹಂಪಿಗೂ ಕುಣಿಯುತ್ತದೆ. ಮುಚ್ಚಳದ ಕೆಳಗೊಂದು ಪ್ಲಾಸ್ಟಿಕ್ ತುಂಡನ್ನಿಟ್ಟು ಬಿಗಿಯಾಗಿ ತಿರುಗಿಸಿ, ಒಗೆಯಬೇಕಾದ ಬಟ್ಟೆಗಳಲ್ಲಿ ಎರಡು ಸುತ್ತು ಸುತ್ತಿ, ಸೈಲೆನ್ಸರಿನ ಬಿಸಿ ತಾಗದ ಎಡಗಡೆಯ ಹಸುಬೆಯ ತಳದಲ್ಲಿ, ಸ್ಪ್ಯಾನರುಗಳಿಂದ ದೂರವಾಗಿ, ನೆಟ್ಟಗೆ ನಿಲ್ಲಿಸಬೇಕು. ಅಷ್ಟೇ ತೂಕದ ಕಾಫಿಪುಡಿ ಬಲಗಡೆಗೆ.